ನೂರೈವತ್ತು ಲೀಟರ್ ನೀರು, ಎರಡು ಸೈಕಲ್

ಆರ್‌ವಿಯೊಳಗೆ ಅಡುಗೆಕಟ್ಟೆಯ ಮೇಲ್ಗಡೆ, ಕಣ್ಣಿನ ಮಟ್ಟದಲ್ಲಿ, ಅಂಗೈ ಅಗಲದ ಒಂದು ಫಲಕವಿರುತ್ತದೆ. ಗುಂಡಿ ಒತ್ತಿದರೆ ಪುಟ್ಟ ದೀಪಗಳು ಹೊತ್ತಿಕೊಂಡು ಮೂರು ಟ್ಯಾಂಕುಗಳ ಸ್ಥಿತಿ ಹೇಳುತ್ತವೆ: ಖಾಲಿ, ಮೂರನೇ ಒಂದು, ಮೂರನೇ ಎರಡು, ಭರ್ತಿ. ಮೊದಲನೆಯದು ಅಡುಗೆಗೂ ಸ್ನಾನಕ್ಕೂ ಒದಗುವ ಒಳ್ಳೆಯ ನೀರಿನ ಟ್ಯಾಂಕು. ಎರಡನೆಯದರಲ್ಲಿ ಪಾತ್ರೆ ತೊಳೆದ, ಮೈ ತೊಳೆದ ನೀರು ಸೇರುತ್ತದೆ; ಅದು ಬೂದು ಟ್ಯಾಂಕು. ಮೂರನೆಯದು ಶೌಚದ್ದು, ಕಪ್ಪು ಟ್ಯಾಂಕು. ನಾವಿಬ್ಬರು ಬಾಡಿಗೆಗೆ ಪಡೆದ ಗಾಡಿಯಲ್ಲಿ ಒಳ್ಳೆಯ ನೀರಿಗೆ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್ ಜಾಗವಿತ್ತು. ಮೊದಲನೆಯ ಟ್ಯಾಂಕು ಇಳಿದಂತೆಲ್ಲ ಉಳಿದೆರಡು ಏರುತ್ತವೆ. ಬಳಸಿದ ನೀರು ಎಲ್ಲಿಗೂ ಹೋಗುವುದಿಲ್ಲ, ನಮ್ಮ ಕಾಲ ಕೆಳಗೇ ಕೂತಿರುತ್ತದೆ.

ಅಮೆರಿಕದ ಮನೆಗಳಲ್ಲಿ ಒಬ್ಬೊಬ್ಬರು ದಿನಕ್ಕೆ 300 ಲೀಟರಿಗೂ ಹೆಚ್ಚು ನೀರು ಬಳಸುತ್ತಾರೆ. ಅದೇ ದೇಶದಲ್ಲಿ ಗಂಡ ಹೆಂಡತಿ ಇಬ್ಬರು 150 ಲೀಟರಿನಲ್ಲಿ ಮೂರು ನಾಲ್ಕು ದಿನ ಕಳೆಯುವುದನ್ನು ಆರ್‌ವಿ ಕಲಿಸುತ್ತದೆ. ಮೈ ಒದ್ದೆ ಮಾಡಿಕೊಂಡು ನಲ್ಲಿ ನಿಲ್ಲಿಸಬೇಕು, ಸೋಪು ಹಚ್ಚಿಕೊಳ್ಳಬೇಕು, ಮತ್ತೆ ನಲ್ಲಿ ತಿರುಗಿಸಿ ತೊಳೆದುಕೊಳ್ಳಬೇಕು. ಅನ್ನದ ಅಕ್ಕಿ ತೊಳೆದ ನೀರಿನಲ್ಲಿ ತಟ್ಟೆ ನೆನೆಹಾಕಬೇಕು. ತಲೆಸ್ನಾನಕ್ಕೆ ಫಲಕದ ಒಪ್ಪಿಗೆ ಬೇಕು. ‘ರೀ, ಇವತ್ತು ತಲೆಗೆ ಹಾಕಿಕೊಳ್ಳಬಹುದಾ?’ ಎಂದು ನಾನು ಕೇಳುವುದು, ಅವರು ಎದ್ದು ಗುಂಡಿ ಒತ್ತಿ ನೋಡಿ ‘ನಾಳೆ ತುಂಬಿಸ್ತೀವಲ್ಲ, ನಾಳೆ ಮಾಡು’ ಎನ್ನುವುದು ನಮ್ಮ ಬೆಳಗಿನ ಮಾತುಕತೆಯ ಭಾಗವೇ ಆಗಿಹೋಯಿತು.

ದಕ್ಷಿಣ ಯೂಟಾದ ಕೆಂಪು ಬಂಡೆಗಳ ಚಿತ್ರಗಳು ಎಲ್ಲೆಡೆ ಸಿಗುತ್ತವೆ. ನನಗೆ ಹೇಳಬೇಕೆನಿಸಿರುವುದು ಅಲ್ಲಿನ ನೀರಿನ ಸಂಗತಿ. ನೆವಾಡವನ್ನು ಬಿಟ್ಟರೆ ಅಮೆರಿಕದಲ್ಲಿ ಅತಿ ಕಡಿಮೆ ಮಳೆ ಬೀಳುವ ರಾಜ್ಯ ಯೂಟಾ. ಅಲ್ಲಿ ಕಣಿವೆಗಳನ್ನು ಕೊರೆದದ್ದು ನೀರು, ಊರು ಎಲ್ಲಿರಬೇಕೆಂದು ಗೊತ್ತುಮಾಡಿದ್ದೂ ನೀರು. ಚಾರಣಕ್ಕೆ ಹೊರಟವರು ಎಷ್ಟು ದೂರ ಹೋಗಬಹುದು, ಸೈಕಲ್ ತುಳಿಯುವವರು ಎಲ್ಲಿಂದ ಹಿಂದಿರುಗಬೇಕು, ಗಾಡಿ ಒಂದೆಡೆ ಎಷ್ಟು ದಿನ ನಿಲ್ಲಬಹುದು ಎಂಬುದನ್ನೂ ನೀರೇ ತೀರ್ಮಾನಿಸುತ್ತದೆ. ಗಾಡಿ, ಸೈಕಲ್, ಕಾಲ್ನಡಿಗೆ ಮೂರನ್ನೂ ಬೆಸೆದುಕೊಂಡು ಹೋದದ್ದರಿಂದ ಇದು ನಮಗೆ ಕಂಡಿತು. ಬರೀ ಕಾರಿನಲ್ಲಿ ಹೋಗಿ ಹೋಟೆಲಿನಲ್ಲಿ ಉಳಿದಿದ್ದರೆ ಕಾಣುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಆರ್‌ವಿ ಎಂದರೆ ಏನೆಂದು ತಿಳಿಯದವರಿಗಾಗಿ ಎರಡು ಮಾತು. ಮಲಗುವ, ಅಡುಗೆ ಮಾಡುವ, ಸ್ನಾನ ಶೌಚದ ವ್ಯವಸ್ಥೆಯೆಲ್ಲ ಒಳಗೇ ಇರುವ ಗಾಡಿ ಅದು. ಬಸ್ಸಿನಷ್ಟು ದೊಡ್ಡದು ‘ಕ್ಲಾಸ್ ಎ’, ವ್ಯಾನಿನಷ್ಟು ಚಿಕ್ಕದು ‘ಕ್ಲಾಸ್ ಬಿ’, ಲಾರಿಯ ಚಾಸಿಯ ಮೇಲೆ ಮನೆ ಕಟ್ಟಿ ಚಾಲಕನ ತಲೆಯ ಮೇಲೊಂದು ಅಟ್ಟದಂಥ ಹಾಸಿಗೆ ಇಟ್ಟಿರುವುದು ‘ಕ್ಲಾಸ್ ಸಿ’. ನಮ್ಮದು ಮೂರನೆಯ ಬಗೆಯದು. ಅಮೆರಿಕದಲ್ಲಿ ತಯಾರಾಗುವ ಆರ್‌ವಿಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿನ ಸುತ್ತಮುತ್ತಲೇ ತಯಾರಾಗುತ್ತವೆ. ಗಾಡಿ ಕಟ್ಟಿಕೊಂಡು ಕಾಡಿಗೆ ಹೋಗುವ ಹುಚ್ಚು ಹಳೆಯದು. 1910ರ ದಶಕದಿಂದ 1924ರವರೆಗೆ ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟೈರು ಉದ್ಯಮಿ ಹಾರ್ವೆ ಫೈರ್‌ಸ್ಟೋನ್ ಜೊತೆಗೂಡಿ, ಅಡುಗೆಗೆಂದೇ ಸಜ್ಜುಗೊಳಿಸಿದ ಲಾರಿಯನ್ನೂ ಹಿಂದಿಟ್ಟುಕೊಂಡು ಬೇಸಿಗೆಯ ಬಿಡಾರಗಳಿಗೆ ಹೋಗುತ್ತಿದ್ದರು. ಎಂಬತ್ತು ದಾಟುವವರೆಗೂ ನಿಸರ್ಗ ಲೇಖಕ ಜಾನ್ ಬರೋಸ್ ಅವರ ಜೊತೆಗಾರರಾಗಿದ್ದರು. 

ಈ ಗಾಡಿಯ ಒಂದು ಸ್ವಭಾವ ತಿಳಿದುಕೊಂಡರೆ ಪ್ರವಾಸ ಹೇಗಿರಬೇಕೆಂಬುದು ತಾನಾಗಿ ಹೊಳೆಯುತ್ತದೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ಪುಣ್ಯ. ಒಮ್ಮೆ ನಿಲ್ಲಿಸಿ, ಗಾಲಿಗಳ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿ, ವಿದ್ಯುತ್ ವೈರು ಚುಚ್ಚಿ, ಕಪಾಟುಗಳ ಚಿಲಕ ತೆಗೆದ ಮೇಲೆ ಹಾಲು ತರಲೆಂದು ಅದನ್ನು ಮತ್ತೆ ಹೊರಡಿಸುವ ಮಾತೇ ಇಲ್ಲ. ಚಾರಣದ ದಾರಿಗಳ ಬುಡದಲ್ಲಿರುವ ಪಾರ್ಕಿಂಗಿನಲ್ಲಿ ಅದಕ್ಕೆ ಜಾಗವೂ ಸಿಗದು. ಹಾಗಾಗಿ ಸೈಕಲ್ ಇಲ್ಲಿ ಶೋಕಿಗಲ್ಲ, ಅವಶ್ಯಕತೆಗೆ. ಗಾಡಿ ನಿಂತಲ್ಲಿ ನಿಲ್ಲುತ್ತದೆ, ಅಲ್ಲಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ವ್ಯಾಪ್ತಿ ಸೈಕಲ್ಲಿನದು, ಅದರಾಚೆ ಕಾಲಿನದು. ಹಿಂಬದಿಯ ಸೈಕಲ್ ರ್‍ಯಾಕನ್ನು ಮಾತ್ರ ಆರ್‌ವಿಗೆಂದೇ ಮಾಡಿರುವುದನ್ನೇ ಕೊಳ್ಳಬೇಕು. ಹಿಂದಿನ ಗಾಲಿಗಳಿಂದಾಚೆ ಚಾಚಿಕೊಂಡ ಗಾಡಿಯ ಬಾಲ ಒಂದೊಂದು ಹಳ್ಳಕ್ಕೂ ಎತ್ತಿ ಕುಕ್ಕುತ್ತದೆ; ಕಾರಿನ ರ್‍ಯಾಕು ಆ ಪೆಟ್ಟು ತಾಳದೆ ಮುರಿದುಬೀಳುತ್ತದೆ.

ನಾವಿರುವುದು ಅರಿಜೋನಾದ ಫೀನಿಕ್ಸ್ ಹತ್ತಿರ. ಅಕ್ಟೋಬರ್ ಮೊದಲ ವಾರ ಅಲ್ಲಿಂದ ಉತ್ತರಕ್ಕೆ ಹೊರಟರೆ ಯೂಟಾದ ಗಡಿಗೆ ಸ್ವಲ್ಪ ಮೊದಲು ಪೇಜ್ ಎಂಬ ಊರಲ್ಲಿ ಕೊಲರಾಡೋ ನದಿಗೆ ಅಡ್ಡ ಕಟ್ಟಿದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಎದುರಾಗುತ್ತದೆ. 1963ರಲ್ಲಿ ನೀರು ನಿಲ್ಲಿಸತೊಡಗಿದ ಇದರ ಹಿಂದಿನ ಪೊವೆಲ್ ಸರೋವರ ಮೊದಲ ಬಾರಿಗೆ ತುಂಬಿದ್ದು 1980ರಲ್ಲಿ. ಈಗ ಸುತ್ತಲಿನ ಕೆಂಪು ಬಂಡೆಗಳ ಮೇಲೆ ಹಿಂದೆ ನೀರು ನಿಂತಿದ್ದ ಎತ್ತರಕ್ಕೆ ಸುಣ್ಣ ಬಳಿದಂತೆ ಬಿಳಿಯ ಪಟ್ಟೆ ಉಳಿದುಕೊಂಡಿದೆ. ಆ ಪಟ್ಟೆಗೂ ಈಗಿನ ನೀರಿಗೂ ಇರುವ ಅಂತರವೇ ಕೊಲರಾಡೋದ ಕಷ್ಟದ ಅಳತೆ. 1922ರಲ್ಲಿ ಏಳು ರಾಜ್ಯಗಳು ಈ ನದಿಯನ್ನು ಹಂಚಿಕೊಂಡಾಗ ಲೆಕ್ಕಕ್ಕೆ ಹಿಡಿದದ್ದು ಅಪರೂಪಕ್ಕೆ ಚೆನ್ನಾಗಿ ಮಳೆಯಾಗಿದ್ದ ವರ್ಷಗಳ ಹರಿವನ್ನು. ಇರುವುದಕ್ಕಿಂತ ಹೆಚ್ಚು ನೀರು ಕಾಗದದ ಮೇಲೆ ಹಂಚಿಹೋಯಿತು. ಸುಮಾರು ನಾಲ್ಕು ಕೋಟಿ ಜನ ಇಂದು ಆ ಕಾಗದದ ಮೇಲೆ ಬದುಕುತ್ತಿದ್ದಾರೆ. ಅದಾದ ಎರಡೇ ವರ್ಷಕ್ಕೆ, 1924ರಲ್ಲಿ, ಮೈಸೂರು ಮದ್ರಾಸುಗಳ ನಡುವೆ ಕಾವೇರಿ ಒಪ್ಪಂದವಾಯಿತು. ಮೇಲಿನ ರಾಜ್ಯ, ಕೆಳಗಿನ ರಾಜ್ಯ, ಬರಗಾಲದ ಹಂಚಿಕೆ ಎಂಬ ಮಾತುಗಳನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಇದು ದೂರದ ರಾಜಕಾರಣವೂ ಅಲ್ಲ. ಕೊಲರಾಡೋದಿಂದ 336 ಮೈಲಿ ಉದ್ದದ ಕಾಲುವೆಯಲ್ಲಿ, ದಾರಿಯುದ್ದಕ್ಕೂ ಪಂಪುಗಳಿಂದ ಮೇಲಕ್ಕೆತ್ತಿಸಿಕೊಂಡು, ಮರುಭೂಮಿ ದಾಟಿ ಬರುವ ನೀರು ಫೀನಿಕ್ಸಿನ ನಲ್ಲಿಗಳಲ್ಲೂ ಸೇರಿದೆ. ಹೊರಡುವ ಮುನ್ನ ಮನೆಯ ಹಿತ್ತಿಲಿನ ಪೈಪು ಜೋಡಿಸಿ ನಾವು ಟ್ಯಾಂಕಿಗೆ ತುಂಬಿಸಿಕೊಂಡದ್ದು ಅದೇ ನೀರು.

ಜಿಯಾನ್: ಬಂಡೆಯೊಳಗಿನ ಸಾವಿರ ವರ್ಷ

ಜಿಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಪೂರ್ವದಿಂದ ಹೋದರೆ ಸುರಂಗವೊಂದನ್ನು ದಾಟಬೇಕು. 1930ರಲ್ಲಿ ಮುಗಿದ, ಒಂದು ಮೈಲಿಗೂ ಮಿಕ್ಕಿದ ಈ ಸುರಂಗ ಅಂದಿನ ಕಾರುಗಳ ಅಳತೆಗೆ ಕೊರೆದದ್ದು. ಎತ್ತರದ ಗಾಡಿಗಳಿಗೆ ಅದರ ಕಮಾನು ಅಡ್ಡ ಬರುತ್ತದೆ. ನಾವು ಸುತ್ತು ಬಳಸಿ ದಕ್ಷಿಣದ ಬಾಗಿಲಿಗೆ ಬಂದೆವು. ಅಲ್ಲಿ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನ ಜಾಗಗಳಿಗೆ ಗಾಡಿಯನ್ನು ಹಿಮ್ಮುಖವಾಗಿ ತೂರಿಸಬೇಕು. ಗಂಡ ಹೆಂಡತಿಯ ನಡುವಿನ ನಂಬಿಕೆ ಪರೀಕ್ಷೆಯಾಗುವುದು ಇಲ್ಲೇ. ಕೂಗಾಟ ಕೆಲಸಕ್ಕೆ ಬಾರದು, ಎಂಜಿನ್ ಸದ್ದಿಗೆ ಏನೂ ಕೇಳಿಸದು. ನಿಯಮ ಒಂದೇ: ಹಿಂದೆ ನಿಂತವರಿಗೆ ಕನ್ನಡಿಯಲ್ಲಿ ಚಾಲಕನ ಮುಖ ಕಾಣುತ್ತಿರಬೇಕು. ಮುಖ ಮರೆಯಾದರೆ ಚಾಲಕ ಬ್ರೇಕ್ ಒತ್ತಿ ಕಾಯಬೇಕು. ಎರಡು ಕೈ ಮೇಲೆತ್ತಿದರೆ ನಿಲ್ಲು, ಒಂದು ಕೈ ಬೀಸಿದರೆ ಆ ಕಡೆಗೆ. ಪಕ್ಕದ ಬಿಡಾರದ ವಯಸ್ಸಾದ ದಂಪತಿ ಕುರ್ಚಿ ಹಾಕಿಕೊಂಡು ಇದನ್ನು ನೋಡುತ್ತಿದ್ದವರು, ಗಾಡಿ ನಿಂತ ಮೇಲೆ ಎದ್ದು ಬಂದು ಕೈಕುಲುಕಿದರು.

ಜಿಯಾನ್‌ಗೆ ವರ್ಷಕ್ಕೆ 45 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಒಳಗಿನ ಕಣಿವೆಯ ರಸ್ತೆ ಕಿರಿದು. 2000ನೇ ಇಸವಿಯಲ್ಲಿ ಉಚಿತ ಶಟಲ್ ಬಸ್ ತಂದು, ವಸಂತದಿಂದ ಶರತ್ಕಾಲದವರೆಗೆ ಖಾಸಗಿ ಕಾರುಗಳನ್ನು ಅಲ್ಲಿಗೆ ಬಿಡುವುದನ್ನೇ ನಿಲ್ಲಿಸಿದರು. ಕಾರು ಹೋದ ಮೇಲೆ ಆ ರಸ್ತೆ ಸೈಕಲ್ಲುಗಳದ್ದಾಯಿತು. ಕ್ಯಾಂಪ್‌ಗ್ರೌಂಡಿನ ಪಕ್ಕದಲ್ಲೇ ಶುರುವಾಗುವ ಪಾರೂಸ್ ದಾರಿ ವರ್ಜಿನ್ ನದಿಯ ದಂಡೆಯಲ್ಲಿ ಮೂರು ಕಿಲೋಮೀಟರಿನಷ್ಟು ಸಾಗಿ ಆ ರಸ್ತೆಗೆ ಸೇರುತ್ತದೆ. ಉದ್ಯಾನದ ಚಾರಣದ ದಾರಿಗಳಲ್ಲಿ ಸೈಕಲ್ಲಿಗೆ ಅನುಮತಿ ಇರುವುದು ಇದೊಂದರಲ್ಲೇ. ಹಿಂದಿನಿಂದ ಬಸ್ ಬಂದರೆ ಬದಿಗೆ ನಿಂತು ದಾರಿ ಬಿಡಬೇಕು. ಉಳಿದಂತೆ ಎರಡು ಗೋಡೆಗಳ ನಡುವೆ ನಾವು, ನದಿ, ಹಳದಿಗೆ ತಿರುಗುತ್ತಿದ್ದ ಕಾಟನ್‌ವುಡ್ ಮರಗಳು. ನನ್ನ ಪತಿಗೆ ಸೈಕಲ್ಲೇ ಪ್ರಾಣ, ನನಗೆ ನಡಿಗೆ. ರಸ್ತೆ ಮುಗಿಯುವಲ್ಲಿ ಸೈಕಲ್ಲುಗಳಿಗೆ ಬೀಗ ಹಾಕಿ ಮುಂದಿನದನ್ನು ಒಟ್ಟಿಗೆ ನಡೆದೆವು.

ಆ ನಡಿಗೆ ನದಿಯ ದಂಡೆಗುಂಟ ಹೋಗುವ ರಿವರ್‌ಸೈಡ್ ವಾಕ್. ಎರಡೂ ಕಡೆ ಎದ್ದಿರುವುದು ನವಾಹೊ ಮರಳುಗಲ್ಲು. ಡೈನೋಸಾರ್‌ಗಳ ಕಾಲದ ಮಹಾ ಮರುಭೂಮಿಯೊಂದರ ದಿಬ್ಬಗಳು ಕಲ್ಲಾಗಿ, ಜಿಯಾನ್‌ನಲ್ಲಿ ಆರು ನೂರು ಮೀಟರಿಗೂ ಹೆಚ್ಚು ದಪ್ಪಕ್ಕೆ ನಿಂತಿವೆ. ಗಾಳಿ ಮರಳನ್ನು ಓರೆಯಾಗಿ ಪೇರಿಸಿದ ಗೆರೆಗಳು ಈಗಲೂ ಗೋಡೆಯ ಮೇಲೆ ಸ್ಪಷ್ಟ. ಈ ಕಲ್ಲು ರಂಧ್ರಮಯ. ಮೇಲಿನ ಪ್ರಸ್ಥಭೂಮಿಯ ಮೇಲೆ ಬಿದ್ದ ಮಳೆ, ಕರಗಿದ ಹಿಮ ಕಲ್ಲಿನೊಳಗೆ ಇಂಗಿ ಮೆಲ್ಲಗೆ ಇಳಿಯುತ್ತದೆ. ಕೆಳಗೆ ಕಯೆಂಟಾ ಎಂಬ, ನೀರು ಅಷ್ಟಾಗಿ ಬಿಡದ ಪದರ ಸಿಕ್ಕಾಗ ಮುಂದೆ ದಾರಿಯಿಲ್ಲದೆ ಪಕ್ಕಕ್ಕೆ ಹರಿದು ಗೋಡೆಯಿಂದ ಒಸರುತ್ತದೆ. ಇದೇ ಕಣಿವೆಯ ವೀಪಿಂಗ್ ರಾಕ್ ಎಂಬಲ್ಲಿ ಒಸರುವ ನೀರಿನ ವಯಸ್ಸು ಸಾವಿರ ವರ್ಷಕ್ಕೂ ಹೆಚ್ಚೆಂದು ಉದ್ಯಾನದವರು ಲೆಕ್ಕ ಹಾಕಿದ್ದಾರೆ. ಅಂದರೆ ಬಸವಣ್ಣ ಹುಟ್ಟುವ ಮೊದಲೇ ಸುರಿದ ಮಳೆ ಈಗ ತೊಟ್ಟಿಕ್ಕುತ್ತಿದೆ.

ಒಸರುವಲ್ಲೆಲ್ಲ ಗೋಡೆಗೆ ಅಂಟಿಕೊಂಡ ತೋಟಗಳು. ಮೇಡನ್‌ಹೇರ್ ಜರಿಗಿಡ, ಪಾಚಿ, ಕೊಲಂಬೈನ್. ಹತ್ತಿರ ಹೋಗಿ, ಮುಟ್ಟದೆ, ಒದ್ದೆ ಬಂಡೆಯ ಮೇಲೆ ಕಣ್ಣು ನೆಟ್ಟರೆ ಗುಂಡುಸೂಜಿಯ ತಲೆಯಷ್ಟೇ ಇರುವ ಕಪ್ಪು ಚುಕ್ಕೆಗಳು ಕಾಣಬಹುದು. ಅವು ಜಿಯಾನ್ ಬಸವನಹುಳುಗಳು. ಈ ಕಣಿವೆಯ ಒಸರುಗೋಡೆಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಅವಿಲ್ಲ. ಹನಿ ಹನಿ ಹಳೆಯ ನೀರನ್ನು ನಂಬಿಕೊಂಡ ಒಂದು ಇಡೀ ಜೀವಜಾತಿ ಅದು. ನನಗೆ ಅಲ್ಲಿಂದ ಕಾಲೇ ಕೀಳಲಿಲ್ಲ.

ಸಾವಿರ ವರ್ಷ ತಾಳ್ಮೆಯಿಂದ ಇಳಿಯುವ ಇದೇ ನೀರು ಹತ್ತು ನಿಮಿಷದಲ್ಲಿ ಕೊಲ್ಲಲೂ ಬಲ್ಲದು. ರಿವರ್‌ಸೈಡ್ ವಾಕ್ ಮುಗಿಯುವಲ್ಲಿ ನ್ಯಾರೋಸ್ ಶುರು. ಅಲ್ಲಿಂದ ಮುಂದೆ ನದಿಯೇ ದಾರಿ. ಕೋಲು ಊರಿಕೊಂಡು, ಮಂಡಿಯುದ್ದ, ಕೆಲವೆಡೆ ಸೊಂಟದುದ್ದ ನೀರಿನಲ್ಲಿ ನಡೆಯಬೇಕು. ನದಿಯ ಹರಿವು ಸೆಕೆಂಡಿಗೆ 150 ಘನ ಅಡಿ ಮೀರಿದರೆ ಈ ದಾರಿ ಮುಚ್ಚುತ್ತಾರೆ. ದಿಢೀರ್ ಪ್ರವಾಹದ ಎಚ್ಚರಿಕೆ ಇದ್ದರೂ ಅಷ್ಟೇ. ತಲೆಯ ಮೇಲಿನ ಆಕಾಶ ನೀಲಿಯಾಗಿದ್ದರೆ ಸಾಲದು. ಹತ್ತಾರು ಮೈಲಿ ಆಚೆ ಸುರಿದ ಮಳೆ ಬೋಳು ಬಂಡೆಯ ಮೇಲೆ ಇಂಗದೆ ಒಟ್ಟಾಗಿ ನುಗ್ಗಿ ಬರುತ್ತದೆ. 2015ರ ಸೆಪ್ಟೆಂಬರ್ 14ರಂದು ಜಿಯಾನ್‌ನ ಕೀಹೋಲ್ ಎಂಬ ಸೀಳುಕಣಿವೆಯಲ್ಲಿ ಏಳು ಮಂದಿ ಹೀಗೆ ಪ್ರಾಣ ಕಳೆದುಕೊಂಡರು. ಅಂದೇ ಹತ್ತಿರದ ಹಿಲ್‌ಡೇಲ್ ಊರಿನಲ್ಲಿ ಪ್ರವಾಹ ವಾಹನಗಳನ್ನು ಕೊಚ್ಚಿಕೊಂಡು ಹೋಗಿ 13 ಮಂದಿ ಸತ್ತರು. ನಡೆಯುತ್ತಿರುವಾಗ ನೀರಿನ ಬಣ್ಣ ಮಣ್ಣಾದರೆ, ಕಡ್ಡಿ ಕಸ ತೇಲಿಬರತೊಡಗಿದರೆ, ಸದ್ದು ಏರಿದರೆ, ಫೋಟೊ ಗೀಟೊ ಬಿಟ್ಟು ಸಿಕ್ಕಿದ ಎತ್ತರಕ್ಕೆ ಹತ್ತಬೇಕು. ಕುಡಿಯುವುದಕ್ಕಂತೂ ಈ ನದಿಯ ನೀರು ಬೇಡವೇ ಬೇಡ. 2020ರಿಂದ ಈಚೆಗೆ ಇಲ್ಲಿ ವಿಷಕಾರಿ ಸಯನೋಬ್ಯಾಕ್ಟೀರಿಯಾ ಕಾಣಿಸಿಕೊಂಡಿದೆ. ಚಾರಣಿಗರ ಸಾಮಾನ್ಯ ಫಿಲ್ಟರಿಗೆ ಆ ವಿಷ ಸೋಸಿ ತೆಗೆಯಲು ಬರುವುದಿಲ್ಲ. ನದಿಯಲ್ಲಿ ನಿಂತವರೂ ಬೆನ್ನಿನ ಚೀಲದ ನೀರನ್ನೇ ಕುಡಿಯಬೇಕು.

ಕಪ್ಪು ಮೊದಲು, ಬೂದು ಆಮೇಲೆ

ಹೊರಡುವ ದಿನದ ಕೆಲಸವನ್ನು ಪ್ರವಾಸ ಕಥನಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಆದರೆ ಆರ್‌ವಿ ಬದುಕಿನ ಮುಖ್ಯ ಪಾಠ ಅಲ್ಲೇ ಇದೆ. ಕ್ಯಾಂಪ್‌ಗ್ರೌಂಡಿನ ಬಾಗಿಲ ಹತ್ತಿರ ಡಂಪ್ ಸ್ಟೇಷನ್ ಇರುತ್ತದೆ: ನೆಲದಲ್ಲೊಂದು ಮುಚ್ಚಳವಿರುವ ತೂತು, ಪಕ್ಕದಲ್ಲಿ ತೊಳೆಯಲು ನಲ್ಲಿ, ಸ್ವಲ್ಪ ದೂರದಲ್ಲಿ ಕುಡಿಯುವ ನೀರಿನ ಬೇರೆ ನಲ್ಲಿ. ಕೈಗವಸು ಹಾಕಿಕೊಂಡು, ಅಕಾರ್ಡಿಯನ್ನಿನ ಹಾಗೆ ಎಳೆದರೆ ಹಿಗ್ಗುವ ದಪ್ಪ ಪೈಪಿನ ಒಂದು ತುದಿಯನ್ನು ಗಾಡಿಯ ಹೊಟ್ಟೆಗೆ, ಇನ್ನೊಂದನ್ನು ನೆಲದ ತೂತಿಗೆ ತಿರುಚಿ ಕೂರಿಸಬೇಕು. ಮೊದಲು ಕಪ್ಪು ಟ್ಯಾಂಕಿನ ಹಿಡಿ ಎಳೆಯಬೇಕು. ಅದು ಪೂರ್ತಿ ಇಳಿದ ಮೇಲೆ ಅದನ್ನು ಮುಚ್ಚಿ ಬೂದು ಟ್ಯಾಂಕಿನ ಹಿಡಿ ಎಳೆಯಬೇಕು. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಈ ಕ್ರಮ ತಪ್ಪಬಾರದು. ಚರಂಡಿಯ ಜೋಡಣೆ ಇರುವ ಜಾಗದಲ್ಲಿ ನಿಂತಾಗಲೂ ಕಪ್ಪು ಟ್ಯಾಂಕನ್ನು ತೆರೆದಿಡುವಂತಿಲ್ಲ; ತೆರೆದಿಟ್ಟರೆ ನೀರು ಸೋರಿಹೋಗಿ ಗಟ್ಟಿ ಒಳಗೇ ಗುಡ್ಡೆಯಾಗುತ್ತದೆ. ಫಲಕದ ದೀಪಗಳು ಕಪ್ಪು ಟ್ಯಾಂಕಿನ ವಿಷಯದಲ್ಲಿ ಎಷ್ಟೋ ಸಲ ತಪ್ಪು ಹೇಳುವುದಕ್ಕೂ ಕಾರಣ ಇಂಥದ್ದೇ: ಒಳಗಿನ ಸೆನ್ಸರಿಗೆ ಕಾಗದ ಅಂಟಿಕೊಂಡಿರುತ್ತದೆ. ಇಲ್ಲಿ ಅನುಭವವೇ ಸೆನ್ಸರು.

ನಮ್ಮಲ್ಲಿ ಕಪ್ಪು ಟ್ಯಾಂಕಿನ ಕೆಲಸ ಅವರದು, ಒಳ್ಳೆಯ ನೀರು ತುಂಬಿಸುವುದು ನನ್ನದು. ನೀಲಿ ಮತ್ತು ಬಿಳಿಯ, ಕುಡಿಯುವ ನೀರಿಗೆಂದೇ ಮೀಸಲಾದ ಪೈಪು ಹಿಡಿದು ನಿಂತು, 150 ಲೀಟರ್ ತುಂಬುವವರೆಗೆ ಕಾಯುವಾಗ ನೀರಿಗೆ ತೂಕವಿದೆ ಎಂಬುದು ಗೊತ್ತಾಗುತ್ತದೆ. 150 ಲೀಟರ್ ಎಂದರೆ 150 ಕಿಲೋ. ಗಾಡಿ ಏರಿನಲ್ಲಿ ಅಷ್ಟು ಹೆಚ್ಚು ಉಬ್ಬಸಪಡುತ್ತದೆ. ನಲ್ಲಿ ಇಲ್ಲದೆಡೆಗೆ ಹೋಗುವುದಾದರೆ ತುಂಬಿಸಿಕೊಂಡೇ ಹೋಗಬೇಕು. ಮುಂದಿನ ಊರಲ್ಲಿ ಸಿಗುವುದಾದರೆ ಅರ್ಧ ಸಾಕು.

ನಮ್ಮ ಮುಂದಿನ ಬಿಡಾರವಾದ ಬ್ರೈಸ್ ಕ್ಯಾನ್ಯನ್ ಸಮುದ್ರಮಟ್ಟದಿಂದ ಎಂಟು ಸಾವಿರ ಅಡಿಗೂ ಎತ್ತರದಲ್ಲಿದೆ. ಅದಕ್ಕೆ ಹೋಗುವ ದಾರಿಯಲ್ಲಿ ರೆಡ್ ಕ್ಯಾನ್ಯನ್ ಸಿಗುತ್ತದೆ. ಅಲ್ಲಿಂದ ಬ್ರೈಸ್‌ನ ಒಳಗಿನವರೆಗೆ, ಹೆದ್ದಾರಿಗೆ ತಾಗದಂತೆ, ಡಾಂಬರು ಹಾಕಿದ ಸೈಕಲ್ ದಾರಿ ಸುಮಾರು 29 ಕಿಲೋಮೀಟರ್ ಇದೆ. ಪಾಂಡರೋಸಾ ಪೈನ್ ಮರಗಳ ನಡುವೆ, ಕಿತ್ತಳೆ ಬಣ್ಣದ ಕಂಬಗಳ ಪಕ್ಕದಲ್ಲಿ ಮೆಲ್ಲಗೆ ಏರುವ ಈ ದಾರಿಗಿಂತ ಒಳ್ಳೆಯ ಸೈಕಲ್ ದಾರಿಯನ್ನು ನಾನು ಕಂಡಿಲ್ಲ. ನಡಿಗೆಯೇ ಇಷ್ಟವಾದ ನಾನು ಹೀಗೆ ಹೇಳುತ್ತಿದ್ದೇನೆಂದರೆ ಓದುಗರು ನಂಬಬೇಕು. ಎತ್ತರದಲ್ಲಿ ಗಾಳಿ ತೆಳು, ಉಸಿರು ಬೇಗ ಏರುತ್ತದೆ. ಬೆವರು ಕ್ಷಣದಲ್ಲಿ ಆರಿಹೋಗುವುದರಿಂದ ದಾಹ ತಿಳಿಯುವುದಿಲ್ಲ. ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಕುಡಿಯುವುದು ಇಲ್ಲಿಯ ರೂಢಿ.

ಬ್ರೈಸ್‌ನ ಅಂಚಿನಿಂದ ಕೆಳಗೆ ನೋಡಿದರೆ ಸಾವಿರಾರು ಕಲ್ಲುಕಂಬಗಳು. ಇವನ್ನು ಕಡೆದದ್ದು ನದಿಯಲ್ಲ, ಮಂಜುಗಡ್ಡೆ. ಹಗಲಲ್ಲಿ ಕರಗಿದ ಹಿಮ ಬಂಡೆಯ ಸೀಳಿಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಶೇಕಡ 9ರಷ್ಟು ಹಿಗ್ಗಿ ಸೀಳನ್ನು ಇನ್ನಷ್ಟು ಅಗಲಿಸುತ್ತದೆ. ವರ್ಷದಲ್ಲಿ ಅರ್ಧದಷ್ಟು ದಿನ ಇದು ನಡೆಯುತ್ತದೆ. ಕ್ವೀನ್ಸ್ ಗಾರ್ಡನ್ ದಾರಿಯಲ್ಲಿ ಇಳಿದು, ನವಾಹೊ ಲೂಪಿನಲ್ಲಿ ಹತ್ತಿ ಬರುವ ಐದು ಕಿಲೋಮೀಟರ್ ನಡಿಗೆಯಲ್ಲಿ ಈ ಕಂಬಗಳ ಬುಡಕ್ಕೇ ಹೋಗಬಹುದು. ಅದೇ ಮಂಜುಗಡ್ಡೆ ಆರ್‌ವಿಯ ಪೈಪನ್ನೂ ಒಡೆಯಬಲ್ಲದಾದ್ದರಿಂದ ಅಕ್ಟೋಬರಿನಲ್ಲಿ ಸಂಜೆಯೇ ಹೊರಗಿನ ಪೈಪು ಕಳಚಿ, ನೀರು ಬಸಿದು ಒಳಗಿಡುವುದು ಅಲ್ಲಿಯ ಎಲ್ಲರ ಅಭ್ಯಾಸ.

ಬ್ರೈಸ್‌ಗೆ ಬಂದವರಲ್ಲಿ ಹೆಚ್ಚಿನವರು ನೋಡದೆ ಹೋಗುವ ಜಾಗವೊಂದಿದೆ. ಉದ್ಯಾನದ ಉತ್ತರಕ್ಕೆ ಮಾಸಿ ಕೇವ್ ಎಂಬ ಚಿಕ್ಕ ನಡಿಗೆಯ ದಾರಿ. ಪಕ್ಕದಲ್ಲಿ ಜುಳುಜುಳು ಹರಿಯುವ ತೊರೆಯನ್ನು ನೋಡಿ ಸಹಜವಾದದ್ದೆಂದೇ ಎಲ್ಲರೂ ತಿಳಿಯುತ್ತಾರೆ. ಅದು ಮನುಷ್ಯರು ತಂದ ನೀರು. ಕೆಳಗಿನ ಬಯಲಿನ ಟ್ರಾಪಿಕ್ ಎಂಬ ಊರಿನ ಮಾರ್ಮನ್ ಪಂಥದ ರೈತರು 1890ರಿಂದ 1892ರವರೆಗೆ ಹಾರೆ, ಪಿಕಾಸಿ, ಸಲಿಕೆ ಹಿಡಿದು, ಪ್ರಸ್ಥಭೂಮಿಯ ಮೇಲಿನ ಸೆವಿಯರ್ ನದಿಯ ಕವಲಿನಿಂದ ಕಾಲುವೆ ತೋಡಿ ನೀರನ್ನು ಅಂಚಿನಿಂದ ಕೆಳಗಿಳಿಸಿದರು. ಸೆವಿಯರ್ ಸಮುದ್ರ ಸೇರದ ನದಿ, ಒಳನಾಡಿನ ಬಯಲಲ್ಲೇ ಇಂಗಿಹೋಗುತ್ತದೆ. ಟ್ರಾಪಿಕ್‌ನ ಬಯಲು ಇಳಿಯುವುದು ಕೊಲರಾಡೋದ ಕಡೆಗೆ. ಅಂದರೆ ಬೆರಳೆಣಿಕೆಯ ಕುಟುಂಬಗಳು ಒಂದು ಜಲಾನಯನದ ನೀರನ್ನು ಇನ್ನೊಂದಕ್ಕೆ ತಿರುಗಿಸಿದವು. ಆ ಕಾಲುವೆ ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ. ಅದರ ದಂಡೆಯಲ್ಲಿ ಕೂತು ಬುತ್ತಿಯ ಚಿತ್ರಾನ್ನ ತಿನ್ನುವಾಗ ನನಗೆ ಬ್ರೈಸ್‌ನ ಕಂಬಗಳಿಗಿಂತ ಈ ತೋಡೇ ದೊಡ್ಡ ಅದ್ಭುತವಾಗಿ ಕಂಡಿತು.

ಮುಂದಿನ ರಸ್ತೆ ಯೂಟಾದ 12ನೇ ಹೆದ್ದಾರಿ, 123 ಮೈಲಿ. ಎಸ್ಕಲಾಂಟೆ ಊರು ದಾಟಿದ ಮೇಲೆ ಎರಡೂ ಬದಿ ಪ್ರಪಾತವಿರುವ ಏಣಿನ ಮೇಲೆ ರಸ್ತೆ ಹೋಗುತ್ತದೆ. ಸಣ್ಣ ಗೇರಿನಲ್ಲಿ, ಮಾತಾಡದೆ, ದಾಟಬೇಕು. ಮುಂದೆ ಸಿಗುವ ಕ್ಯಾಪಿಟಲ್ ರೀಫ್ ಉದ್ಯಾನದ ನಡುವೆ, ಫ್ರೀಮಾಂಟ್ ನದಿಯ ತಿರುವಿನಲ್ಲಿ ಫ್ರೂಟಾ ಎಂಬ ಹಳೆಯ ವಸತಿ ಇದೆ. ಯಾವ ಕಾಲಕ್ಕೂ ಹತ್ತು ಕುಟುಂಬಗಳಿಗಿಂತ ಹೆಚ್ಚಿರಲಿಲ್ಲ. ಅವರು ನೆಟ್ಟ ಸೇಬು, ಪೀಚ್, ಚೆರ್‍ರಿ, ಏಪ್ರಿಕಾಟ್ ತೋಟಗಳನ್ನು ಈಗ ಉದ್ಯಾನದವರೇ ನೋಡಿಕೊಳ್ಳುತ್ತಾರೆ, ಅದೇ ಹಳೆಯ ಕಾಲುವೆಗಳಲ್ಲಿ ನೀರು ಹಾಯಿಸುತ್ತಾರೆ. ಕೊಯ್ಲಿಗೆ ತೆರೆದ ತೋಟಕ್ಕೆ ಹೋಗಿ ಮರದಡಿ ಎಷ್ಟು ಬೇಕಾದರೂ ತಿನ್ನಬಹುದು, ದುಡ್ಡಿಲ್ಲ. ಮನೆಗೆ ಒಯ್ಯುವುದಕ್ಕೆ ಮಾತ್ರ ತಕ್ಕಡಿಯಲ್ಲಿ ತೂಗಿ ಹಣ ಹಾಕಬೇಕು. ನಾವು ಹೋದಾಗ ಸೇಬಿನ ಕಾಲ ಮುಗಿಯುತ್ತಿತ್ತು. ಕ್ಯಾಂಪಿನಿಂದ ತೋಟಕ್ಕೆ ಸೈಕಲ್ಲಿನಲ್ಲಿ ಐದು ನಿಮಿಷ.

ಮೋಆಬ್: ನೆಲ ನೋಡಿ ನಡೆ

ಮೋಆಬ್ ಊರು 1950ರ ದಶಕದಲ್ಲಿ ಯುರೇನಿಯಂ ಗಣಿಗಾರಿಕೆಯಿಂದ ಮೆರೆದದ್ದು, ಆಮೇಲೆ ಗಣಿ ಸೊರಗಿ ಕಂಗೆಟ್ಟದ್ದು. ಅದಿರು ಸಂಸ್ಕರಿಸಿ ಕೊಲರಾಡೋ ದಂಡೆಯಲ್ಲೇ ಸುರಿದು ಹೋಗಿದ್ದ 1.6 ಕೋಟಿ ಟನ್ ತ್ಯಾಜ್ಯವನ್ನು 2009ರಿಂದ ರೈಲಿನಲ್ಲಿ ದೂರ ಸಾಗಿಸುತ್ತಾ ಬಂದರು. ಆ ಜಾಗದ ಪಕ್ಕದಲ್ಲೇ ಈಗ ಆರ್ಚಸ್ ಉದ್ಯಾನಕ್ಕೆ ಹೋಗುವ ಸೈಕಲ್ ದಾರಿ. ಸೇತುವೆಯ ಮೇಲೆ ನಿಂತರೆ ಕೆಳಗೆ ಕೆಂಚು ಬಣ್ಣದ ಕೊಲರಾಡೋ. ಇಲ್ಲಿಂದ ಇಳಿದು ಪೊವೆಲ್ ಸರೋವರ, ಅಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್, ಇನ್ನೂ ಎರಡು ಅಣೆಕಟ್ಟು ದಾಟಿ, ಕಾಲುವೆ ಹತ್ತಿ, ನಮ್ಮ ಮನೆಯ ನಲ್ಲಿಗೆ ಬರುವ ನೀರು. ಅದರ ಮೂರು ಕಡೆ ನಿಂತು ನೋಡಿದ ಮೇಲೆ ಮನೆಯ ನಲ್ಲಿಯನ್ನು ಹಿಂದಿನಂತೆ ತಿರುಗಿಸಲು ನನ್ನಿಂದಾಗುತ್ತಿಲ್ಲ.

ಆರ್ಚಸ್‌ನಲ್ಲಿ 1956 ಮತ್ತು 57ರಲ್ಲಿ ಎಡ್ವರ್ಡ್ ಆ್ಯಬಿ ಎಂಬ ಯುವಕ ಕಾವಲುಗಾರನಾಗಿದ್ದ. ಅವನ ವಾಸ ಇಲಾಖೆ ಕೊಟ್ಟ ಒಂದು ಟ್ರೇಲರಿನಲ್ಲಿ. 1968ರಲ್ಲಿ ಬಂದ ಅವನ ‘ಡೆಸರ್ಟ್ ಸಾಲಿಟೇರ್’ ಪುಸ್ತಕದಲ್ಲಿ ರಾಷ್ಟ್ರೀಯ ಉದ್ಯಾನಗಳಿಗೆ ಕಾರುಗಳೇ ಬೇಡ, ಜನ ನಡೆಯಲಿ, ಕುದುರೆ ಏರಲಿ, ಸೈಕಲ್ ತುಳಿಯಲಿ ಎಂದು ವಾದಿಸಿದ. ಲೀಟರಿಗೆ ನಾಲ್ಕು ಕಿಲೋಮೀಟರಿನ ಗಾಡಿಯಲ್ಲಿ ಬಂದ ನಾವು ಆ ಮಾತನ್ನು ತಳ್ಳಿಹಾಕುವಂತಿಲ್ಲ. ಜಿಯಾನ್‌ನಲ್ಲಿ ಕಾರು ನಿಂತ ಕಣಿವೆ ಹೇಗಿರುತ್ತದೆಂದು ಕಂಡವರಿಗೆ ಅವನ ವಾದ ಸರಿಯೆಂದೇ ಅನಿಸುತ್ತದೆ. ಉದ್ಯಾನದ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಒಳಗೆ ಬಸ್ಸು, ಸೈಕಲ್, ಕಾಲು ಇಷ್ಟನ್ನೇ ಬಿಡುವ ವ್ಯವಸ್ಥೆ ಇನ್ನೂ ಹೆಚ್ಚು ಕಡೆ ಬರಬೇಕು.

ಆರ್ಚಸ್‌ನ ಡೆಲಿಕೇಟ್ ಆರ್ಚ್ ಎಂಬ ಕಲ್ಲುಕಮಾನಿಗೆ ಹೋಗಿ ಬರಲು ಮೂರು ಮೈಲಿ. ನಡುವೆ ಬೋಳುಬಂಡೆಯ ಏರು, ಒಂದು ಮರದ ನೆರಳಿಲ್ಲ. ಮರುಭೂಮಿಯಲ್ಲಿ ಓಡಾಡುವ ದಿನ ತಲಾ ನಾಲ್ಕು ಲೀಟರ್ ನೀರು ಇಟ್ಟುಕೊಳ್ಳಿ ಎನ್ನುವುದು ಇಲ್ಲಿ ಬುದ್ಧಿಮಾತಲ್ಲ, ಲೆಕ್ಕ. ಬಂಡೆ ಬಿಟ್ಟು ಇಳಿದಾಗ ಮಾತ್ರ ಕಾಲಿಡುವ ಜಾಗ ನೋಡಬೇಕು. ಮಣ್ಣಿನ ಮೇಲೆ ಸುಟ್ಟ ರೊಟ್ಟಿಯ ಹೊಪ್ಪಳೆಯಂತೆ ಕಪ್ಪಗೆ, ಉಬ್ಬುಬ್ಬಾಗಿ ಕಾಣುವುದು ಜೀವಂತ ಪದರ. ಸಯನೋಬ್ಯಾಕ್ಟೀರಿಯಾದ ಎಳೆಗಳು ಮಳೆ ಬಿದ್ದಾಗ ಉಬ್ಬಿ ಮರಳಿನ ಕಣಗಳ ನಡುವೆ ಚಲಿಸುತ್ತಾ ಅಂಟಿನ ಜಾಡು ಬಿಡುತ್ತವೆ. ಅದು ಮಣ್ಣನ್ನು ಹಿಡಿದಿಡುತ್ತದೆ, ತೇವವನ್ನೂ ಉಳಿಸುತ್ತದೆ. ಒಂದು ಬೂಟಿನ ಗುರುತು, ಒಂದು ಸೈಕಲ್ ಟೈರಿನ ಗೆರೆ ಮಾಯಲು ದಶಕಗಳೇ ಬೇಕು. ಮೋಆಬ್‌ನ ಸೈಕಲ್ ಜಾಡುಗಳು ಆದಷ್ಟು ಬಂಡೆಯ ಮೇಲೇ ಹೋಗುವುದು ಮಣ್ಣಿಗೂ ಒಳ್ಳೆಯದು. 1969ರಲ್ಲಿ ಮೋಟಾರ್‌ಸೈಕಲ್ಲುಗಳಿಗೆಂದು ಗುರುತಿಸಿದ ಸ್ಲಿಕ್‌ರಾಕ್ ಜಾಡಿನಲ್ಲಿ ಬಂಡೆಗೆ ಬಳಿದ ಬಿಳಿ ಗೀಟುಗಳೇ ದಾರಿ. ಮರಳುಗಲ್ಲಿಗೆ ರಬ್ಬರು ಕಚ್ಚಿ ಹಿಡಿಯುವುದರಿಂದ ಗೋಡೆಯಂಥ ಏರನ್ನೂ ಸೈಕಲ್ ಹತ್ತುತ್ತದೆ. ಹೊಸಬರಿಗೆ ಅಲ್ಲೇ ಚಿಕ್ಕದೊಂದು ಅಭ್ಯಾಸದ ಸುತ್ತು ಇದೆ; ನನಗೆ ಅದೇ ಸಾಕಾಯಿತು, ಅವರು ಪೂರ್ತಿ ಸುತ್ತು ಮುಗಿಸಿ ಬರುವವರೆಗೆ ನಾನು ನಡೆದೆ.

ಕೊನೆಯ ಬಿಡಾರ ಡೆಡ್ ಹಾರ್ಸ್ ಪಾಯಿಂಟ್ ರಾಜ್ಯ ಉದ್ಯಾನದಲ್ಲಿ. ಆರು ನೂರು ಮೀಟರ್ ಕೆಳಗೆ ಕೊಲರಾಡೋ ತಿರುವು ತೆಗೆದುಕೊಳ್ಳುವುದನ್ನು ನೋಡುತ್ತಾ ಸೈಕಲ್ ತುಳಿಯಬಹುದಾದ, ಅಷ್ಟೇನೂ ಕಷ್ಟವಿಲ್ಲದ ಮಣ್ಣಿನ ಜಾಡುಗಳು ಅಲ್ಲಿವೆ. ಆದರೆ ಕಣ್ಣೆದುರಿನ ನದಿಯಿಂದ ಒಂದು ಹನಿಯೂ ಮೇಲೆ ಬರುವುದಿಲ್ಲ. ಉದ್ಯಾನದ ಅಷ್ಟೂ ನೀರು ಮೋಆಬ್‌ನಿಂದ ಟ್ಯಾಂಕರ್ ಲಾರಿಯಲ್ಲಿ ಬರುತ್ತದೆ. ಆರ್‌ವಿಯವರು ಊರಲ್ಲೇ ತುಂಬಿಸಿಕೊಂಡು ಬನ್ನಿ ಎಂದು ಮೊದಲೇ ಹೇಳುತ್ತಾರೆ. ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೆ ಕಾದವರಿಗೆ ಇದು ಹೊಸತಲ್ಲ. ಆ ಕ್ಯಾಂಪಿನಲ್ಲಿ ಯಾರ ನಲ್ಲಿಯೂ ಸುಮ್ಮನೆ ಹರಿಯುವ ಸದ್ದು ನಾನು ಕೇಳಲಿಲ್ಲ.

ಅಲ್ಲಿಂದ ಕೆಳಗೆ ನೋಡಿದಾಗ ಕೆನೆಬಣ್ಣದ ಬಂಡೆಯ ಅಂಚಿಗುಂಟ ಒಂದು ಮಣ್ಣಿನ ರಸ್ತೆ ಹಾವಿನಂತೆ ಹೋಗುತ್ತದೆ. ಪಕ್ಕದ ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನದ ವೈಟ್ ರಿಮ್ ರಸ್ತೆ ಅದು, 100 ಮೈಲಿ. ಸೈಕಲ್ಲಿನಲ್ಲಿ ಮೂರು ನಾಲ್ಕು ದಿನದ ದಾರಿ, ಅನುಮತಿ ಬೇಕೇ ಬೇಕು. ದಾರಿಯುದ್ದಕ್ಕೂ ಕುಡಿಯುವ ನೀರು ಎಲ್ಲೂ ಇಲ್ಲ. ಇಬ್ಬರಿಗೆ ನಾಲ್ಕು ದಿನಕ್ಕೆ ಕುಡಿಯಲೆಂದೇ 32 ಲೀಟರ್, ಅಂದರೆ 32 ಕಿಲೋ, ಅಡುಗೆಗೆ ಬೇರೆ. ಸೈಕಲ್ಲಿನಲ್ಲಿ ಹೊರುವ ಮಾತಲ್ಲ. ಆರ್‌ವಿಯಂತೂ ಆ ದಾರಿ ಇಳಿಯಲಾರದು. ಹಾಗಾಗಿ ಹೋಗುವವರು ಫೋರ್‌ವೀಲ್ ಜೀಪೊಂದನ್ನು ಬಾಡಿಗೆಗೆ ಹಿಡಿದು, ನೀರಿನ ಕ್ಯಾನುಗಳನ್ನು ಅದರಲ್ಲಿ ತುಂಬಿ, ಸೈಕಲ್ಲಿನ ಹಿಂದೆ ತರುತ್ತಾರೆ. ದಂಪತಿ ಇಬ್ಬರೇ ಹೋದರೆ ಒಬ್ಬರು ಜೀಪು ಓಡಿಸಬೇಕು, ಇನ್ನೊಬ್ಬರು ಸೈಕಲ್ ತುಳಿಯಬೇಕು, ಊಟದ ಹೊತ್ತಿಗೆ ಅದಲುಬದಲಾಗಬೇಕು. ಮುಂದಿನ ವಸಂತಕ್ಕೆ ಅನುಮತಿ ಸಿಕ್ಕರೆ ನಾವೂ ಹೋಗುವುದೆಂದು ಮಾತಾಗಿದೆ. ಆ ದಾರಿಗೆ ಇಳಿಯುವ ಶೇಫರ್ ತಿರುವುಗಳ ಇಳಿಜಾರಿನಲ್ಲಿ ಸೈಕಲ್ ನನಗೇ ಬೇಕೆಂದು ಈಗಲೇ ಹೇಳಿಟ್ಟಿದ್ದೇನೆ.